ಬದಲಿ ಬಾರದ ಚಾಲಕ

ಸತ್ತವನನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು? ಪ್ರಶ್ನೆ ಕಟುವಾಯಿತೆಂದು ಮುಖ ತಿರುಗಿಸಬೇಡಿ. ಯುದ್ಧಕ್ಕೆ ಹೋದವನು ಬಿಟ್ಟುಹೋದ ಪುಟ್ಟ ಆಟಿಕೆ ಟ್ಯಾಂಕಿನಲ್ಲಿ ಪೆನ್ನು ಸಿಕ್ಕಿಸಿಟ್ಟು, ಬಂದವರೆದುರು ಬೀಗುವ ಮನೆಗಳು ಒಂದೆರಡಲ್ಲ. ಅಂಥದೊಂದು ಮನೆಯಲ್ಲಿ ನಡೆದದ್ದನ್ನು ಕೇಳಿ.

"ಆ ಗಾಡಿಗಳಿಗೆ ಭಾರ ಹೊರಿಸ್ಬೇಡ ಕಣೇ," ಎಂದಳು ಅತ್ತೆ. "ಡ್ಯೂಟಿ ಮುಗಿಸಿ ಮಲಗಿದಾನೆ ಅವನು."

ಹಸುಗೂಸಿನೊಂದಿಗೆ ಆಗತಾನೆ ಆ ಮನೆಗೆ ಬಂದು ನೆಲೆಸಿದ್ದ ಕಿರಿಯ ಸೊಸೆ ಗಾಜಿನ ಕಪಾಟಿನ ಮುಂದೆ ನಿಂತಿದ್ದಳು. ಬಟ್ಟೆ ಅಂಗಡಿಗಳ ಪ್ರದರ್ಶನ ಕಿಟಕಿಗಳನ್ನು ಅಲಂಕರಿಸುವುದು ಅವಳ ವೃತ್ತಿ. ಸುಮ್ಮನೆ ಬಿದ್ದಿರುವ ವಸ್ತುವನ್ನು ಕಂಡರೆ ಅವಳ ಕೈ ತುರಿಸುತ್ತಿತ್ತು. ಕಪಾಟಿನಲ್ಲಿ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಬೆಸೆದು, ಹಸಿರು ಬಳಿದ ಅಂಗೈಯಗಲದ ಸೇನಾವಾಹನಗಳಿದ್ದವು: ಟ್ಯಾಂಕು, ಜೀಪು, ಸಾಮಾನಿನ ಲಾರಿ, ಆಂಬುಲೆನ್ಸು. ಸೈನ್ಯದಲ್ಲಿ ಲಾರಿ ಚಾಲಕನಾಗಿದ್ದ ದೊಡ್ಡ ಮಗ ರಜೆಗೆ ಬಂದಾಗಲೆಲ್ಲ ಮಾಡಿಟ್ಟವು ಅವು.

"ತಗಡಿಗೂ ನಿದ್ದೆ ಬರತ್ತಾ ಅತ್ತೆ?"

"ನಗಬೇಡ. ಬದಲಿ ಡ್ರೈವರ್ ಬರ್ತಾನೆ ಅಂತ ಕಾದು ಕಾದು, ಕಣ್ಣು ಮುಚ್ಚದೆ ಓಡಿಸ್ದ. ಬದಲಿ ಬರಲೇ ಇಲ್ಲ. ಸ್ಟಿಯರಿಂಗ್ ಮೇಲೇ ತೂಕಡಿಸಿ ಕಮರಿಗೆ ಬಿದ್ದ. ಸತ್ತಮೇಲೂ ಇಳಿದಿರ್ಲಿಲ್ಲ ಗೊತ್ತಾ. ದಿನಾ ನನ್ನ ಕಿವೀಲಿ, 'ಅಮ್ಮಾ, ಬದಲಿ ಬಂತಾ?' ಕೊನೆಗೆ ಮಂತ್ರ ಬಲ್ಲ ಮುದುಕಿಯೊಬ್ಬಳ ಕಾಲಿಗೆ ಬಿದ್ದು ಕಟ್ಟು ಹಾಕಿಸ್ದೆ. ಅವನ ಯೂನಿಫಾರ್ಮಿನ ನೂಲನ್ನೇ ಮಂತ್ರಿಸಿ ಈ ಗಾಡಿಗಳ ಗಾಲಿಗೆ ಸುತ್ತಿದಾಳೆ. ಅವತ್ತಿಂದ ಮಲಗಿದಾನೆ."

"ಹಾಗಾದ್ರೆ ಲಾರೀಲಿ ಉಪ್ಪಿನ ಡಬ್ಬಿ ಇಡ್ತೀನಿ ಬಿಡಿ. ಉಪ್ಪು ಗೊರಕೆ ಹೊಡಿಯಲ್ಲ."

ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಕಿರಿಯ ಮಗ, ಅವಳ ಗಂಡ, ನಕ್ಕುಬಿಟ್ಟ. ಅತ್ತೆ ಅವನನ್ನು ಒಮ್ಮೆ ನೋಡಿ ಒಳಗೆ ಹೋದಳು.

ಸೊಸೆ ಕೆಟ್ಟವಳಾಗಿರಲಿಲ್ಲ. ಅಸಡ್ಡೆಗೆ ಕೆಟ್ಟತನ ಬೇಕಾಗುವುದೂ ಇಲ್ಲ. ಆ ವಾರದಲ್ಲೇ ಟ್ಯಾಂಕಿನ ಕೊಳವೆಗೆ ಮನೆಯ ಬೀಗದ ಕೈಗಳು ಜೋತುಬಿದ್ದವು. ಜೀಪಿನ ಹಿಂಬದಿಗೆ ಮಣ್ಣು ತುಂಬಿ ಕಳ್ಳಿಯ ಸಸಿ ನೆಟ್ಟಳು. ಊಟದ ಮೇಜಿನ ಈ ತುದಿಯಿಂದ ಆ ತುದಿಗೆ ಉಪ್ಪಿನ ಡಬ್ಬಿಯನ್ನು ಸಾಗಿಸಲು ಲಾರಿಯನ್ನು ಗೊತ್ತುಮಾಡಿದಳು. ಆಂಬುಲೆನ್ಸು ತೊಟ್ಟಿಲ ಪಕ್ಕಕ್ಕೆ ಬಂತು. ಅದರೊಳಗೆ ಕೂಸಿನ ಕಾಲುಚೀಲಗಳು. ಗಾಲಿಗಳು ಉರುಳದಿದ್ದಾಗ ಬಗ್ಗಿ ನೋಡಿದಳು. ಅಚ್ಚಿಗೆ ಜಿಡ್ಡುಗಟ್ಟಿದ ಕಪ್ಪು ನೂಲು ಸುತ್ತಿಕೊಂಡಿತ್ತು. ಕಸವೆಂದು ಬಗೆದು, ಉಗುರು ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿದಳು. ಅತ್ತೆ ಹೇಳಿದ ನೂಲು ಇದೇ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದರಲ್ಲವೇ ಹೊಳೆಯುವುದು!

ಮರುದಿನ ಅಡುಗೆಮನೆಯಲ್ಲಿ ಡೀಸೆಲಿನ ವಾಸನೆ. ಒಲೆ ಒರೆಸಿದಳು, ಕಿಟಕಿ ತೆರೆದಳು, ಹೋಗಲಿಲ್ಲ. ಅದರೊಳಗೆ ಸುಟ್ಟ ರಬ್ಬರಿನ ಕಮಟು ಬೆರೆತಿತ್ತು. ಉಪ್ಪಿನ ಡಬ್ಬಿ ಬೀದಿಬಾಗಿಲ ಬಳಿ ಸಿಕ್ಕಿತು. ಬೀಗದ ಕೈಗಳೂ ಅಲ್ಲಿಯೇ, ಹೊಸ್ತಿಲಿಗೆ ತಾಗಿಕೊಂಡು. ಚೆಲ್ಲಿದ ಉಪ್ಪಿನಲ್ಲಿ ಎರಡು ಸಣ್ಣ ಗೆರೆಗಳು ಸಮನಾಗಿ ಹೊರಗೆ ಸಾಗಿದ್ದವು.

"ಇಲಿ ಇರ್ಬೇಕು," ಎಂದ ಗಂಡ.

"ಗಾಲಿ ಇರೋ ಇಲಿನಾ?" ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅತ್ತೆ ಮಾತ್ರ ಕುಳಿತಲ್ಲೇ ಕಿವಿ ನಿಮಿರಿಸಿದ್ದಳು. "ಎದ್ದ," ಎಂದಳು ಮೆಲ್ಲಗೆ. "ಎಬ್ಬಿಸಿಬಿಟ್ಯಲ್ಲೇ. ಹೇರಿದ್ದನ್ನ ತಲುಪಿಸೋದೊಂದೇ ಅವನಿಗೆ ಗೊತ್ತಿರೋದು. ಏನು ಹೇರಿದೀಯ ಹೇಳು."

ಸೊಸೆ ಎಲ್ಲವನ್ನೂ ಹೇಳಿದಳು. ಕಾಲುಚೀಲದ ಮಾತೊಂದು ನೆನಪಾಗಲಿಲ್ಲ.

ಆ ಸಂಜೆ ಗಂಡ ಹೊಲಿದ ಬಟ್ಟೆ ಕೊಡಲು ಹೋಗಿದ್ದ. ಮೋಡ ಕವಿದಿತ್ತು, ವಿದ್ಯುತ್ ಹೋಯಿತು. ಕತ್ತಲೆ ಮನೆಯೊಳಗೆ ಮಸಿನೀರಿನಂತೆ ಏರಿತು. ಸೊಸೆ ಬೆಂಕಿಪೊಟ್ಟಣಕ್ಕಾಗಿ ತಡಕಾಡುತ್ತಿದ್ದಾಗ ಕೇಳಿಸಿತು. ನೆಲದ ಮೇಲೆ ತಗಡು ಉರುಳುವ ಸದ್ದು. ಕಿರ್. ಕಿರ್. ಕಿರ್. ಡೀಸೆಲಿನ ವಾಸನೆ ಗಂಟಲು ಹಿಡಿಯಿತು. ಅಷ್ಟರಲ್ಲಿ ಕೂಸು ಅತ್ತಿತು.

ಅಳು ತೊಟ್ಟಿಲಿನಿಂದ ಬರಲಿಲ್ಲ. ನಡುಮನೆಯಿಂದ ಬಂತು.

ಅವಳು ತೊಟ್ಟಿಲಿಗೆ ಧಾವಿಸಿದಳು. ಕೈ ಹಾಕಿದಳು. ಕೂಸು ಇತ್ತು. ತುಟಿ ಮುಚ್ಚಿತ್ತು. ಮೈ ತಣ್ಣಗಿತ್ತು. ಅಳು ಈಗ ಬಾಗಿಲ ಬಳಿ. ಎದೆಗೆ ಅವಚಿಕೊಂಡಳು. ಮುಖ ಒರಗಿಸಿದಳು. ಉಸಿರಿಲ್ಲ. ಅಳು ಹೊಸ್ತಿಲು ದಾಟಿತು. ಬೀದಿಗಿಳಿಯಿತು. ದೂರವಾಯಿತು. ಇನ್ನೂ ದೂರ.

"ಅತ್ತೇ, ಕಾಲುಚೀಲ. ಆಂಬುಲೆನ್ಸಲ್ಲಿ ಪಾಪೂ ಕಾಲುಚೀಲ ಇಟ್ಟಿದ್ದೆ."

ಅತ್ತೆ ಬೈಯಲಿಲ್ಲ. ಕತ್ತಲಲ್ಲಿ ಅವಳ ಸೀರೆ ಸರಿದ ಸದ್ದಾಯಿತು. ಬರಿಗಾಲಲ್ಲಿ ಬೀದಿಗೆ ಓಡಿದಳು. ಮಂಡಿ ನೋವಿನಿಂದ ಮೆಟ್ಟಿಲಿಳಿಯಲಾರದ ಹೆಂಗಸು ಓಡಿದಳು.

"ನಿಲ್ಲಿಸು ಮಗಾ," ಎಂದು ಅವಳು ಕೂಗುವುದು ಕೇಳಿಸಿತು. "ಗಾಡಿ ನಿಲ್ಲಿಸು. ನಾನು ಕಣೋ, ಅಮ್ಮ."

ಉರುಳುವ ಸದ್ದು ನಿಂತಿತು.

"ಸಾಕು ಇಳಿ. ಬದಲಿ ಬಂದಿದೀನಿ."

ಎಲ್ಲೋ ಒಂದು ಭಾರವಾದ ಬಾಗಿಲು ತೆರೆದುಕೊಂಡಿತು. ತಗಡಿನ ಆಟಿಕೆಯ ಬಾಗಿಲಲ್ಲ. ನಿಜವಾದ ಲಾರಿಯ ಬಾಗಿಲು. ಬೂಟುಗಾಲೊಂದು ನೆಲಕ್ಕಿಳಿಯಿತು. ಬಹಳ ದಣಿದ ಗಂಡಸಿನ ನಿಟ್ಟುಸಿರು ಬೀದಿಯುದ್ದಕ್ಕೂ ಹಾದು ಕರಗಿತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು.

ಸೊಸೆಯ ಎದೆಯ ಮೇಲೆ ಕೂಸು ಬೆಚ್ಚಿಬಿದ್ದು ಕಿರುಚಿತು.

ಮನೆಗೆ ಬಂದ ಗಂಡನಿಗೆ ತಾಯಿ ಬೀದಿಯ ನಡುವೆ ಕುಳಿತಿರುವುದು ಕಂಡಿತು. ಮಡಿಲಲ್ಲಿ ಆಂಬುಲೆನ್ಸು. ಕಣ್ಣು ತೆರೆದೇ ಇದ್ದವು. ಎರಡೂ ಕೈ ಗಾಳಿಯಲ್ಲಿ ಕಾಣದ ಚಕ್ರವೊಂದನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದವು. "ಅಮ್ಮಾ" ಎಂದ. ಅವಳು ದಾರಿಯಿಂದ ಕಣ್ಣು ಕದಲಿಸಲಿಲ್ಲ.

ಮಾರನೆಯ ದಿನ ಸೊಸೆ ಕಟ್ಟು ಹಾಕಿದ ಮುದುಕಿಯ ಮನೆಗೆ ಹೋಗಿ ಅತ್ತಳು. ನೂಲನ್ನು ಮತ್ತೆ ಸುತ್ತಿಕೊಡೆಂದು ಕಾಲು ಹಿಡಿದಳು.

"ಸತ್ತೋರನ್ನ ಮಲಗಿಸಬಹುದು ತಾಯಿ," ಎಂದಳು ಮುದುಕಿ. "ಬದುಕಿರೋಳು ತಾನಾಗಿ ಹತ್ತಿ ಕೂತಿದಾಳೆ. ಅವಳಿಗೆ ಬದಲಿಯೇ ಆಗಬೇಕು. ನೀನು ಹತ್ತೀಯಾ?"

ಸೊಸೆಯ ಬಾಯಿ ತೆರೆಯಿತು. ಹಾಲು ತುಂಬಿ ರವಿಕೆ ಒದ್ದೆಯಾಗಿತ್ತು. ಮನೆಯಲ್ಲಿ ಕೂಸು ಹಸಿದಿತ್ತು. ಹಿಡಿದಿದ್ದ ಕಾಲನ್ನು ಬಿಟ್ಟಳು. ಮುದುಕಿ ಬಾಗಿಲು ಹಾಕಿಕೊಂಡಳು.

ಇಂದಿಗೂ ಅವಳೇ ಅತ್ತೆಗೆ ತುತ್ತು ಕೊಡುತ್ತಾಳೆ. ತಿರುಗುವ ಆ ಕೈಗಳ ನಡುವೆ ತಾಳ್ಮೆಯಿಂದ ಚಮಚ ತೂರಿಸುತ್ತಾಳೆ. ಪ್ರತಿದಿನವೂ 'ಬದಲಿ ಬಂದಿದೀನಿ' ಎಂಬ ಆ ಒಂದು ಮಾತು ನಾಲಗೆಯ ತುದಿಗೆ ಬರುತ್ತದೆ. ಅಷ್ಟರಲ್ಲಿ, ಈಗ ಮಾತು ಕಲಿತಿರುವ ಕೂಸು "ಅಜ್ಜಿ" ಎನ್ನುತ್ತದೆ. ಅವಳು ಮಾತನ್ನು ನುಂಗಿಕೊಳ್ಳುತ್ತಾಳೆ. ಇದನ್ನು ಹೇಡಿತನವೆನ್ನಲು ನನಗೆ ನಾಲಗೆ ಬಾರದು.

ಆ ಮನೆ ಯಾವ ಬೀದಿಯಲ್ಲಿದೆ ಎಂದು ಹೇಳಲಾರೆ. ನಿಮ್ಮದರಲ್ಲೇ ಇರಬಹುದು. ಆದ್ದರಿಂದ ನಿಮ್ಮಲ್ಲೊಂದು ಬೇಡಿಕೆ. ಗಾಡಿಯಲ್ಲಿ ಹೋಗುವಾಗ, ಕಿಟಕಿಯ ಬಳಿ ಕಣ್ಣು ಮಿಟುಕಿಸದೆ, ಗಾಳಿಯಲ್ಲಿ ಕೈ ತಿರುಗಿಸುತ್ತ ಕುಳಿತ ಮುದುಕಿಯೊಬ್ಬಳು ಕಂಡರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ಹಿಂದಿನ ಗಾಡಿ ಅವಸರಿಸುತ್ತಿದೆಯೆಂದು ಹೆದರಿ, ಅವಳು ಇನ್ನೂ ಜೋರಾಗಿ ಓಡಿಸುತ್ತಾಳೆ.