ಇಲಿಯ ಹೊಟ್ಟೆಯಲ್ಲಿ ಹೊಳೆದದ್ದು

"ಲೈಟ್ ಹಾಕ್ಬೇಡಿ!"

ಅವಳು ಕೂಗುವಷ್ಟರಲ್ಲಿ ಅವನು ಸ್ವಿಚ್ ಒತ್ತಿಯಾಗಿತ್ತು. ಹಸಿರು ಬಣ್ಣ ತುಂಬಿದ ಸೀಸೆಯನ್ನು ತಟ್ಟನೆ ಕೋಟಿನೊಳಗೆ ಅಡಗಿಸಿಕೊಂಡಳು.

"ಬೆಳಕು ಬಿದ್ರೆ ಈ ಬಣ್ಣ ಕೆಟ್ಟೇ ಹೋಗುತ್ತೆ, ಗೊತ್ತಾ?"

"ಅದು ಗೊತ್ತು. ನೀವಿದ್ದೀರಿ ಅಂತ ಗೊತ್ತಿರ್ಲಿಲ್ಲ..."

ದೀಪ ಆರಿತು. ಅವನ ನಗು ಕಾಣಲಿಲ್ಲ, ಕೇಳಿಸಿತು.

ಅವನು ಸ್ಕ್ಯಾನಿಂಗ್ ಕೋಣೆಯವನು. ಸದಾ ಕತ್ತಲಲ್ಲೇ ಕೂರುವುದರಿಂದ ಲ್ಯಾಬಿನವರೆಲ್ಲ ಕರೆಯುತ್ತಿದ್ದದ್ದು 'ಗೂಬೆ' ಎಂದೇ. ಅವಳು ಮೂರು ವರ್ಷದಿಂದ ಬಣ್ಣ ತುಂಬಿದ ನ್ಯಾನೋಕಣಗಳನ್ನು ಮಾಡುತ್ತಿದ್ದಳು. ಅವು ರಕ್ತದಲ್ಲಿ ಸಾಗಿ ಕ್ಯಾನ್ಸರ್ ಗಡ್ಡೆಯಲ್ಲಿ ಮಾತ್ರ ಹೊಳೆಯಬೇಕು. ಲೇಸರ್ ಬೆಳಕು ಬಿದ್ದಾಗ ಕಾದು ಗಡ್ಡೆಯನ್ನು ಸುಡಬೇಕು. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಎಲ್ಲಿದೆಯೆಂದು ಹುಡುಕಿ ಹೋಗುವವರ ಹಾಗೆ.

ನಾಲ್ಕು ತಿಂಗಳು ಅವರಿಬ್ಬರೂ ಆ ಕತ್ತಲಲ್ಲಿ ಅಕ್ಕಪಕ್ಕ ಕೂತು ಪ್ರಯೋಗದ ಇಲಿಗಳ ಸ್ಕ್ಯಾನ್ ಚಿತ್ರ ನೋಡಿದರು.

ಒಂದು ಸೋಮವಾರ, ಇಲಿಯ ಗಡ್ಡೆಗಿಂತ ಹೊಟ್ಟೆಯೇ ಹೆಚ್ಚು ಹೊಳೆಯಿತು!

"ಶುಕ್ರವಾರ ಕೊನೇ ಅವಕಾಶ. ಇಲ್ಲದಿದ್ರೆ ಈ ಕೆಲಸ ನಿಲ್ಲಿಸೋಣಮ್ಮ," ಎಂದರು ಅವಳ ಸಂಶೋಧನೆಯ ಗೈಡ್.

ಮರುದಿನ ಅವಳು ಸ್ಕ್ಯಾನಿಂಗ್ ವೇಳಾಪಟ್ಟಿಯ ಬೋರ್ಡು ನೋಡಿದಳು. ಮಂಗಳವಾರದಿಂದ ಗುರುವಾರದವರೆಗೆ ಅವಳ ಸ್ಕ್ಯಾನ್‌ಗಳನ್ನೆಲ್ಲ ಹೊಡೆದುಹಾಕಿ 'ರದ್ದು' ಎಂದು ಬರೆದಿತ್ತು. ಅವನದೇ ಅಕ್ಷರ!

"ನಾನು ಸೋತೆ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

"ಖಾತ್ರಿಯಾಗದೆ ಏನೂ ಹೇಳಲ್ಲ. ಗುರುವಾರ ಇಲಿಗೆ ಇಂಜೆಕ್ಷನ್ ಕೊಡಿ, ಶುಕ್ರವಾರ ಬೆಳಿಗ್ಗೆ ಬನ್ನಿ."

'ಇವರೂ ಅಷ್ಟೇನಾ...' ಅವಳು ಮುಖ ತಿರುಗಿಸಿ ನಡೆದಳು. ಆದರೂ ಗುರುವಾರ ಇಂಜೆಕ್ಷನ್ ಕೊಟ್ಟಳು.

ಶುಕ್ರವಾರ ಅವನು ಮೊದಲು ತೋರಿಸಿದ್ದು ಸೋಮವಾರದ ಇನ್ನೊಂದು ಚಿತ್ರ. ಅದರಲ್ಲೂ ಇಲಿಯ ಹೊಟ್ಟೆ ಹೊಳೆಯುತ್ತಿತ್ತು.

"ನೀವು ಹೋದ್ಮೇಲೆ ತೆಗೆದಿದ್ದು. ಈ ಇಲಿಗೆ ನಿಮ್ಮ ಔಷಧ ಕೊಟ್ಟೇ ಇಲ್ಲ."

"ಮತ್ತೆ ಹೊಳೀತಿರೋದು?"

"ಊಟ! ಅವು ತಿನ್ನೋ ಉಂಡೇಲಿ ಒಣಸೊಪ್ಪಿದೆ. ಸೊಪ್ಪಿನ ಹಸಿರೂ ಈ ಸ್ಕ್ಯಾನ್‌ನಲ್ಲಿ ಹೊಳೆಯುತ್ತೆ. ಮಂಗಳವಾರದಿಂದ ಸೊಪ್ಪಿಲ್ಲದ್ದು ಹಾಕ್ತಿದ್ದೀನಿ. ಹೊಟ್ಟೆ ಖಾಲಿಯಾಗ್ಬೇಕಿತ್ತು, ಅದಕ್ಕೇ ಹೊಡೆದುಹಾಕಿದ್ದು."

ಅವಸರದಲ್ಲಿ ಔಷಧ ಕೊಡದ ಇಲಿಯನ್ನು ಹೋಲಿಸಿ ನೋಡುವುದನ್ನೇ ಅವಳು ಮರೆತಿದ್ದಳು!

ಹೊಸ ಚಿತ್ರ ಮೂಡಿತು. ಹೊಟ್ಟೆ ಕಪ್ಪು. ಗಡ್ಡೆಯಿರುವಲ್ಲಿ ಮಾತ್ರ ಒಂದೇ ಒಂದು ಹೊಳೆವ ಚುಕ್ಕಿ.

ಗೈಡ್ ಬಂದು ನೋಡಿ, "ಮುಂದುವರಿಸಮ್ಮ," ಎಂದು ಹೋದರು.

"ಮೊದಲೇ ಹೇಳ್ಬಾರದಿತ್ತಾ?" ಅವಳು ಅವನತ್ತ ತಿರುಗಿದಳು.

"ನನ್ನ ಊಹೆ ತಪ್ಪಾಗಿದ್ರೆ? ನೀವು ಇನ್ನೊಂದ್ಸಲ ಅಳೋದನ್ನ ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

"ಸೋಮವಾರ ಅತ್ತಿದ್ದು... ಈ ಕತ್ತಲಲ್ಲಿ ಕಾಣಿಸ್ತಾ?"

"ಗೂಬೆ ಅಲ್ವೇನ್ರೀ ನಾನು!"

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಗೂಬೆಗೆ ಇನ್ನೇನೇನು ಕಾಣುತ್ತೆ?"

"ನಾಲ್ಕು ತಿಂಗಳಿಂದ... ನೀವೊಬ್ರೇ."

ಅವಳ ಕೈ ಮೆಲ್ಲಗೆ ಅವನ ಕೈ ಹುಡುಕಿತು.

"ಲೈಟ್ ಹಾಕ್ಲಾ?" ಎಂದ.

"ಬೇಡ... ಸ್ವಲ್ಪ ಹೊತ್ತು ಹೀಗೇ ಇರ್ಲಿ."