ಉಬ್ಬರದ ಯಂತ್ರ

ನಾನು ಕೆಲಸ ಮಾಡುವ ಕಡಲತೀರದ ಸಂಗ್ರಹಾಲಯದಲ್ಲಿ ಹಿತ್ತಾಳೆಯದೊಂದು ಯಂತ್ರವಿದೆ. ಕಂಪ್ಯೂಟರ್ ಬರುವ ಮೊದಲು ಬಂದರಿನ ಗುಮಾಸ್ತರು ಅದರ ಹಿಡಿ ತಿರುಗಿಸಿದರೆ, ಮುಂದಿನ ದಿನಗಳ ಉಬ್ಬರವಿಳಿತವನ್ನು ಅದು ಲೆಕ್ಕಹಾಕಿ ತೋರಿಸುತ್ತಿತ್ತು. ಈಗ ನೀರಿನ ಮಟ್ಟ ತೋರಿಸುವ ಮುಳ್ಳನ್ನು ಎಳೆಯುವ ತಂತಿ ಬಿಚ್ಚಿಟ್ಟಿದ್ದೇವೆ. ಮುಳ್ಳು ಅಲುಗುವ ಹಾಗೇ ಇಲ್ಲ.

ಒಂದು ಮಧ್ಯಾಹ್ನ ಆ ಮುಳ್ಳು ಟಿಕ್ ಟಿಕ್ ಎನ್ನುತ್ತ ಮೇಲೇರತೊಡಗಿತು. ಹಿಡಿ ಮುಟ್ಟಿದೆ. ಯಾರೋ ಆಗಷ್ಟೇ ಕೈಬಿಟ್ಟಂತೆ ಬೆಚ್ಚಗಿತ್ತು, ಒದ್ದೆಯಾಗಿತ್ತು. ಮುಳ್ಳು ತುತ್ತತುದಿಗೆ ಹೋಗಿ ನಿಂತಿತು.

ಅಕ್ಕ ಏಡಿಗಳ ಅಧ್ಯಯನಕ್ಕೆಂದು ದಿನವೂ ಹೋಗುವ, ಕಡಲೊಳಗಿನ ಮರಳ ದಿಬ್ಬದ ಮೇಲಿದ್ದಳು. ಅಷ್ಟು ನೀರು ಬಂದರೆ ದಿಬ್ಬ ಉಳಿಯುವುದಿಲ್ಲ. ಫೋನ್ ಮಾಡಿದೆ.

"ಈಗಲೇ ದಡಕ್ಕೆ ಬಾ ಅಕ್ಕಾ."

"ನಿಂಗೆ ಹಗ್ಗ ಕಂಡ್ರೂ ಹಾವು ಕಣೇ," ಎಂದು ಬೈಯುತ್ತಲೇ ಬಂದಳು.

ಕತ್ತಲಾಗುವವರೆಗೂ ಇಬ್ಬರೂ ಕಿಟಕಿಯಲ್ಲಿ ನಿಂತು ನೋಡಿದೆವು. ದಿಬ್ಬ ಒಣಗಿಯೇ ಇತ್ತು.

"ಎಲ್ಲೇ ನಿನ್ನ ಪ್ರಳಯ? ಇವತ್ತಿನ ನನ್ನ ಕೆಲ್ಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು!"

ಮರುದಿನ ಅವಳು ಮತ್ತೆ ಹೋದಳು. ಇವತ್ತಿಗೂ ದಿನವೂ ಹೋಗುತ್ತಾಳೆ; ಈ ಹೊತ್ತೂ ಅಲ್ಲೇ ಇದ್ದಾಳೆ. ಮುಳ್ಳು ಇನ್ನೂ ಇಳಿದಿಲ್ಲ. ಅದು ತೋರಿಸುತ್ತಿರುವುದು ಯಾವ ದಿನದ ನೀರು ಎಂದು ಹೇಳಬೇಕಾದ ತಾರೀಖಿನ ಚಕ್ರ, ಯಂತ್ರ ನಮ್ಮಲ್ಲಿಗೆ ಬರುವ ಮೊದಲೇ ಕಳೆದುಹೋಗಿದೆ.