ತೊಟ್ಟಿಲ ಕೋಣೆಯ ದಡಾರ

ಶಿಶುವಿಹಾರದ ತೊಟ್ಟಿಲ ಕೋಣೆಯಲ್ಲಿ ನಾಲ್ಕು ಕೂಸುಗಳು. ನಾಲ್ಕಕ್ಕೂ ಜ್ವರ, ಕೆಂಗಣ್ಣು, ಕಿವಿಯ ಹಿಂದಿನಿಂದ ಇಳಿದ ಕೆಂಪು ದದ್ದು. ಐದನೆಯದು ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿತ್ತು.

ಊರಿನ ಮಕ್ಕಳಿಗೆಲ್ಲ ಲಸಿಕೆ ಹಾಕುವ ನರ್ಸ್ ನಾನು. ಸೋಂಕು ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದೂ ನನ್ನದೇ ಕೆಲಸ. ಆಯಾಳ ಕೈಗಳು ಮೊಣಕೈವರೆಗೂ ಕೆಂಪಾಗಿದ್ದವು. ಇನ್ನೇನು ಬೇಕು?

"ಎಷ್ಟು ದಿನದಿಂದ ಇದೆ ಇದು?"

"ಸೋಪಿನ ಪುಡಿ ಬದಲಾಯಿಸಿದ್ರಲ್ಲ ಸಿಸ್ಟರ್, ಆವಾಗಿಂದ. ಜ್ವರ ಏನೂ ಇಲ್ಲ."

"ಸುಳ್ಳು ಹೇಳ್ಬೇಡ ನೀನು."

ತಾಯಂದಿರ ಎದುರಿಗೇ ಅಂದೆ. ಶಿಶುವಿಹಾರದ ಮೇಡಂ ನಿಂತ ನಿಲುವಿನಲ್ಲೇ ಆಕೆಯನ್ನು ಕೆಲಸದಿಂದ ತೆಗೆದರು. ಆಕೆ ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಆಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

* * *

ಮಧ್ಯಾಹ್ನ ಡಾಕ್ಟರ್ ಫೋನ್.

"ಒಂದು ಕೂಸಿನ ಬಾಯೊಳಗೆ ಇನ್ನೂ ಬಿಳಿ ಚುಕ್ಕೆ ಇದೆ. ದಡಾರನೇ. ಆಯಾನೂ ಬಂದು ಕೈ ತೋರಿಸಿದ್ಲು, ಅವಳಿಗೆ ಇರೋದು ಬರೀ ಸೋಪಿನ ಅಲರ್ಜಿ. ಎರಡು ವಾರದ ಹಿಂದೆ ಯಾವ ಮಗುಗೆ ಜ್ವರ ಇತ್ತು, ನೋಡಿ."

ಆಯಾ ದಿನಾ ಮಕ್ಕಳ ಜ್ವರ ನೋಡಿ ಬರೆಯುತ್ತಿದ್ದ ಪುಸ್ತಕ ತೆರೆದೆ. ಆ ದಿನಗಳ ಪುಟಗಳಲ್ಲಿ, ಬೆಳಗ್ಗೆ ಬಾಗಿಲಲ್ಲಿ ನೋಡಿದಾಗ ಯಾರಿಗೂ ಜ್ವರವಿಲ್ಲ. ಒಂದು ಹೆಸರಿನ ಮುಂದೆ ಮಾತ್ರ ಹೀಗಿತ್ತು: 'ಮಧ್ಯಾಹ್ನ ಮೈ ಸುಡುತ್ತಿದೆ, ಕೆಮ್ಮು. ತೊಟ್ಟಿಲ ಕೋಣೆಯಲ್ಲಿ ಮಲಗಿಸಿದೆ. ತಾಯಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಬರುತ್ತಾರಂತೆ.'

ಅದು ನನ್ನ ಮಗಳ ಹೆಸರು. ಆ ಫೋನ್ ನನಗೆ ನೆನಪಿತ್ತು. ಬೇಕೆಂದೇ ಅತ್ತ ಯೋಚಿಸಿರಲಿಲ್ಲ.

* * *

ಮರುದಿನ ಅದೇ ತಾಯಂದಿರ ಎದುರು ನಿಂತೆ. ಆಯಾಳನ್ನೂ ಕರೆಸಿದ್ದೆ.

"ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ದಡಾರದ ಲಸಿಕೆ ಹಾಕಿರಲ್ಲ. ಅದಕ್ಕೇ ಅವಕ್ಕೆ ಬಂತು. ದೊಡ್ಡ ಮಕ್ಕಳಿಗೆಲ್ಲ ಹಾಕಿದೆ, ನನ್ನ ಮಗಳಿಗೆ ಬಿಟ್ಟು. ಅವಳ ಸರದಿ ಬಂದಾಗ ನೆಗಡಿ ಇತ್ತು. ಲಸಿಕೆ ಪೆಟ್ಟಿಗೆ ನನ್ನ ಕೈಯಲ್ಲೇ ಇರುತ್ತಲ್ಲ, ಯಾವಾಗ ಬೇಕಾದ್ರೂ ಹಾಕಿದ್ರಾಯ್ತು ಅಂದ್ಕೊಂಡೆ. ಎರಡು ವರ್ಷ ಆಯ್ತು. ಎರಡು ವಾರದ ಹಿಂದೆ ಅವಳಿಗೆ ಜ್ವರ ಬಂದಾಗ ಸಿರಪ್ ಕುಡಿಸಿ ಇಲ್ಲಿ ಬಿಟ್ಟು ಹೋದೆ. ಅದಕ್ಕೇ ಬಾಗಿಲಲ್ಲಿ ಜ್ವರ ಸಿಗಲಿಲ್ಲ. ದದ್ದು ಎದ್ದಾಗ ಔಷಧಿ ಅಲರ್ಜಿ ಅಂತ ನನಗೆ ನಾನೇ ಹೇಳ್ಕೊಂಡೆ."

ಆಸ್ಪತ್ರೆಯಲ್ಲಿದ್ದ ಕೂಸಿನ ತಾಯಿ ಎದ್ದು ಮತ್ತೆ ಆಸ್ಪತ್ರೆಗೆ ಹೊರಟಳು. ಮೇಡಂ ಏಪ್ರನ್ ತಂದು ಆಯಾಳ ಕೈಗೆ ಕೊಟ್ಟರು.

"ತಪ್ಪಾಯ್ತಮ್ಮ," ಎಂದೆ. "ನನ್ನ ಮಗಳ ಜ್ವರ ನೀವೇ ಬರೆದಿದ್ರಲ್ಲ, ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂದ್ಕೊಂಡೆ ಸಿಸ್ಟರ್. ಆದ್ರೆ ಅಷ್ಟು ಜನರ ಮುಂದೆ ಹೇಗೆ ಹೇಳೋದು? ನಿಮಗೆ ಅವಮಾನ ಆಗಲ್ವಾ?"